ಅಯ್ಯನವರ ರಜೆಯಲ್ಲಿ ಧ್ಯಾನ ಬರೆದ ಎಲ್ಲರಿಗೂ

ಕರ್ತನಲ್ಲಿ ಪ್ರಿಯರೇ,

ಮೂರು ತಿಂಗಳ ಸಬಾಟಿಕಲ್, ಅಂದರೆ ಸೇವೆಯ ನಡುವಿನ ದೀರ್ಘ ಬಿಡುವು, ಮುಗಿಸಿ ನಮ್ಮ ಸಭಾಪಾಲಕರಾದ ಅಯ್ಯನವರು ಈ ಭಾನುವಾರ ಮತ್ತೆ ಪ್ರಸಂಗ ಮಾಡಿದರು. ದನಿಯಲ್ಲಿ ಆ ಹಳೆಯ ಆಯಾಸ ಇರಲಿಲ್ಲ. ಅದನ್ನು ಕೇಳುತ್ತಾ ಕೂತಿದ್ದಾಗ, ಇದಕ್ಕೆ ಕಾರಣರಾದವರಿಗೆಲ್ಲ ಬಾಯಿತುಂಬ ವಂದನೆ ಹೇಳಬೇಕು ಅನ್ನಿಸಿತು. ಅಯ್ಯನವರು ಇಲ್ಲದ ಈ ಮಳೆಗಾಲದಲ್ಲಿ ಅನುದಿನದ ಧ್ಯಾನ, ಅಂದರೆ ಬೈಬಲ್ ಭಾಗದ ಮೇಲೆ ದಿನಾ ಬರೆದು ಕಳಿಸುವ ಚಿಕ್ಕ ಬರಹ, ಒಂದು ಬೆಳಿಗ್ಗೆಯೂ ತಪ್ಪಲಿಲ್ಲ. ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ಯಾರ್ಯಾರು ಎಷ್ಟು ದುಡಿದರು ಅಂತ ನನಗೆ ಚೆನ್ನಾಗಿ ಗೊತ್ತು.

2020ರ ಲಾಕ್‌ಡೌನ್‌ನಲ್ಲಿ ದೇವಾಲಯದ ಬಾಗಿಲು ಹಾಕಿದಾಗ ಅಯ್ಯನವರು ವಾಟ್ಸ್ಆ್ಯಪ್‌ನಲ್ಲಿ ಈ ಧ್ಯಾನ ಶುರು ಮಾಡಿದ್ದು. ಬಾಗಿಲು ತೆರೆದ ಮೇಲೂ ಅದು ನಿಲ್ಲಲಿಲ್ಲ. ಮದುವೆ, ಮಣ್ಣು, ಆಸ್ಪತ್ರೆ ಭೇಟಿ, ಮನೆ ಪ್ರಾರ್ಥನೆ, ಕಮಿಟಿ ಜಗಳ, ಎಲ್ಲದರ ನಡುವೆ ದಿನಾ ಬೆಳಿಗ್ಗೆ ಐದೂವರೆಗೆ ಧ್ಯಾನ. ಒಬ್ಬ ಮನುಷ್ಯ ಎಷ್ಟು ಅಂತ ಮಾಡಬೇಕು, ಅಲ್ವಾ? ಬ್ರಿಟನ್ನಿನ ಮೆಥಡಿಸ್ಟ್ ಸಭೆಯಲ್ಲಿ ಹತ್ತು ವರ್ಷ ಸೇವೆಯಾದ ಪಾದ್ರಿಗೆ ಮೂರು ತಿಂಗಳ ಬಿಡುವು ಇದೆ, ಆಮೇಲೆ ಏಳು ವರ್ಷಕ್ಕೊಮ್ಮೆ. ನಮ್ಮ ಕಡೆ ಅದು ಅಷ್ಟಾಗಿ ರೂಢಿಯಲ್ಲಿಲ್ಲ. ಹೊಲಕ್ಕೂ ಏಳನೇ ವರ್ಷ ವಿರಾಮ ಕೊಡಬೇಕು ಅಂತ ಬೈಬಲಿನ ಯಾಜಕಕಾಂಡ 25ರಲ್ಲಿದೆ. ಅದನ್ನು ಓದಿ ಕಮಿಟಿಯಲ್ಲಿ ಈ ಮಾತು ಎತ್ತಿದ್ದು ನಮ್ಮ ಖಜಾಂಚಿಯವರು. ಮೊದಲ ವಂದನೆ ಅವರಿಗೆ.

ಎರಡನೆಯದು, ರಜೆಯಲ್ಲಿ ಅಯ್ಯನವರಿಗೆ ಫೋನ್ ಮಾಡದೇ ಇದ್ದ ನಿಮಗೆಲ್ಲ. ಮಾರ್ಕ 6ರಲ್ಲಿ ಯೇಸುಸ್ವಾಮಿ ಶಿಷ್ಯರನ್ನು ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಕರೆದುಕೊಂಡು ಹೋಗುತ್ತಾರೆ. ಅವರು ದೋಣಿಯಲ್ಲಿ ಹೋದರೆ ಜನ ದಡದಲ್ಲೇ ಓಡಿ ಅವರಿಗಿಂತ ಮೊದಲು ಅಲ್ಲಿಗೆ ಮುಟ್ಟುತ್ತಾರೆ! ನಾವು ಹಾಗೆ ಮಾಡಬಾರದು ಅಂತ ಒಪ್ಪಿಕೊಂಡಿದ್ದೆವು, ಆ ಮಾತು ಉಳಿಸಿಕೊಂಡೆವು. ಅಯ್ಯನವರು ಕೆಲವು ವಾರ ಊರಲ್ಲಿ ತಾಯಿಯ ಜೊತೆ ಇದ್ದರು, ಉಳಿದ ದಿನ ಮಂಗಳೂರು ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲಿ, ಹಿಂದೆ ಇಲ್ಲಿ ಸೇವೆ ಮಾಡಿದ ಬಾಸೆಲ್ ಮಿಶನ್ ಸಂಸ್ಥೆಯ ಹಳೆಯ ಕಾಗದಪತ್ರ ಓದಿದರು. ಓದಬೇಕು ಅನ್ನೋದು ಅವರ ಬಹಳ ದಿನದ ಆಸೆ.

ಇನ್ನು ಬರೆದವರ ವಿಷಯ. ಬೈಬಲಿನ ಕೀರ್ತನೆಗಳ ಮೇಲೆ ಬರೆಯೋಣ ಅಂತ ತೀರ್ಮಾನವಾದ ದಿನವೇ ತೊಡಕು ಶುರುವಾಯಿತು. ಎಲ್ಲರಿಗೂ ಧೈರ್ಯ ಹೇಳುವ ಕೀರ್ತನೆಯೇ ಬೇಕು: 23 ಬೇಕು, ಇಲ್ಲವಾದರೆ 91, ಅದೂ ಇಲ್ಲದಿದ್ದರೆ 121. ಆಗ ಪ್ರೆಸ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಹಿರಿಯರೊಬ್ಬರು ದಾರಿ ತೋರಿಸಿದರು. ಜರ್ಮನಿಯ ಹೆರ್ನ್‌ಹೂಟ್ ಊರಿನ ಮೊರೇವಿಯನ್ ಪಂಗಡದ ಕ್ರೈಸ್ತರು 1728ರಲ್ಲಿ ದಿನಕ್ಕೊಂದು ವಾಕ್ಯ ಮನೆಮನೆಗೆ ಮುಟ್ಟಿಸಲು ಶುರು ಮಾಡಿದರಂತೆ. 1731ರ ವರ್ಷಕ್ಕೆ ಅದು ಪುಸ್ತಕವಾಗಿ ಅಚ್ಚಾಯಿತು, ಈಗಲೂ ವರ್ಷವರ್ಷ ಬರುತ್ತಿದೆ. ಅದರಲ್ಲಿ ಹಳೆ ಒಡಂಬಡಿಕೆಯ ವಾಕ್ಯವನ್ನು ಇಂದಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ. ನಾವೂ ಆರಾಧನೆ ಮುಗಿದ ಮೇಲೆ ಸ್ಟೀಲ್ ಡಬ್ಬದಲ್ಲಿ ಕೀರ್ತನೆಯ ಸಂಖ್ಯೆ ಬರೆದ ಚೀಟಿ ಹಾಕಿದೆವು. ಸಿಕ್ಕಿದ್ದನ್ನು ಬದಲಾಯಿಸುವ ಹಾಗಿಲ್ಲ.

ಹಾಗೆ ಕೀರ್ತನೆ 88 ಬಂದಿದ್ದು ನಮ್ಮ ರಿಕ್ಷಾ ಓಡಿಸುವ ಸಹೋದರರಿಗೆ. ಅವರ ತಾಯಿ ಹಾಸಿಗೆ ಹಿಡಿದಿದ್ದಾರೆ. ಬೇರೆ ಎಷ್ಟೋ ದುಃಖದ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅವರು ಬರೆದದ್ದು ನಾಲ್ಕೇ ಸಾಲು. 'ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ರಾತ್ರಿ ಅಮ್ಮನನ್ನು ಮಗ್ಗುಲು ತಿರುಗಿಸುವಾಗ ನಾನೂ ಹೀಗೇ ಕೇಳುತ್ತೇನೆ. ಆದರೆ ಈ ಮನುಷ್ಯ ಕೇಳುತ್ತಿರುವುದು ದೇವರನ್ನೇ. ಅಷ್ಟು ನನಗೆ ಸಾಕು.' ಆ ಬೆಳಿಗ್ಗೆ ಕೈಮುಗಿಯುವ ಇಮೋಜಿ ಹಾಕಿ ಯಾರೂ ಸುಮ್ಮನಾಗಲಿಲ್ಲ. ಸ್ತ್ರೀಯರ ಅನ್ಯೋನ್ಯಕೂಟದ ಅಕ್ಕಂದಿರು ಸಂಜೆಯೇ ಅವರ ಮನೆಗೆ ಹೋದರು, ಈಗಲೂ ಸರದಿಯಲ್ಲಿ ಹೋಗಿ ಅಮ್ಮನ ಹತ್ತಿರ ಕೂರುತ್ತಾರೆ. ಇಷ್ಟು ವರ್ಷ ಒಂದೇ ದೇವಾಲಯದಲ್ಲಿ ಕೂತರೂ ಆ ಮನೆಯ ರಾತ್ರಿಗಳು ನಮಗೆ ಗೊತ್ತಿರಲಿಲ್ಲ. ಸಹೋದರರೇ, ನಿಮಗೆ ಎಷ್ಟು ವಂದನೆ ಹೇಳಿದರೂ ಕಡಿಮೆ.

ಬರಹ ತಿದ್ದಿದ ಕನ್ನಡ ಮೇಷ್ಟ್ರಿಗೂ ಋಣಿ. ಕಾಗುಣಿತ ಸರಿ ಮಾಡಿದರು, ಬರೆದವರ ಮಾತಿನ ಧಾಟಿ ಮುಟ್ಟಲಿಲ್ಲ. ತುಳು ಬೆರೆತ ಕನ್ನಡ ಹಾಗೇ ಉಳಿಯಿತು. ಓದಲು ಕಣ್ಣು ಸಾಲದ ಅಜ್ಜ ಅಜ್ಜಿಯರಿಗಾಗಿ ಯುವಜನ ಕೂಟದವರು ಪ್ರತಿ ಧ್ಯಾನವನ್ನೂ ದನಿ ಮಾಡಿ ಕಳಿಸಿದರು. ಜುಲೈ ಮಳೆ ತಗಡಿನ ಮೇಲೆ ಬಡಿಯುವಾಗ ರೆಕಾರ್ಡಿಂಗ್ ಎಲ್ಲಿ ಆಗುತ್ತದೆ? ಪಿಯುಸಿ ಓದುವ ಹುಡುಗಿಯೊಬ್ಬಳು ದಪ್ಪ ಕಂಬಳಿ ಹೊದ್ದು, ಒಳಗೆ ಟಾರ್ಚ್ ಹಿಡಿದು, ಬೆವರುತ್ತಾ ಓದಿದ್ದಾಳೆ. ಮಗಳೇ, ನಿನ್ನ ದನಿ ಬರದಿದ್ದರೆ ಕಾಫಿ ಕುಡಿಯದ ಅಜ್ಜಿಯಂದಿರು ಇದ್ದಾರೆ, ಗೊತ್ತಾ?

ಮಸ್ಕತ್‌ನಲ್ಲಿ ನರ್ಸ್ ಆಗಿರುವ ಸಹೋದರಿಗೆ ನಮ್ಮ ಐದೂವರೆ ಅಂದರೆ ಅಲ್ಲಿ ನಾಲ್ಕು ಗಂಟೆ. ರಾತ್ರಿ ಪಾಳಿಯ ಕೊನೆಯಲ್ಲಿ ಓದುತ್ತಿದ್ದರಂತೆ. ತಮ್ಮ ಸರದಿ ಬಂದಾಗ ವಾರ್ಡಿನಿಂದಲೇ ಬರೆದು ಕಳಿಸಿದರು.

ಪಕ್ಕದ ಸಭೆಯ ಅಯ್ಯನವರನ್ನು ಮರೆಯುವ ಹಾಗಿಲ್ಲ. ಧ್ಯಾನ ನಾವು ಬರೆಯಬಹುದು, ಪ್ರಸಂಗವನ್ನೂ ಹಿರಿಯರು ಮಾಡಬಹುದು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಡೆಸಲು ಮಾತ್ರ ಪಾದ್ರಿಯಾಗಿ ದೀಕ್ಷೆ ಪಡೆದವರೇ ಬೇಕು. ತಮ್ಮ ಆರಾಧನೆ ಮುಗಿಸಿ, ತಿಂಡಿಯನ್ನೂ ಬಿಟ್ಟು, ಬೈಕಿನಲ್ಲಿ ನೆನೆದುಕೊಂಡು ಬಂದರು.

ಸೋಮವಾರದಿಂದ ಅಯ್ಯನವರೇ ಮತ್ತೆ ಬರೆಯುತ್ತಾರೆ. ಆದರೆ ಬುಧವಾರ ಮತ್ತು ಶನಿವಾರ ಸಭೆಯವರಿಗೇ ಇರಲಿ ಅಂತ ಅವರೇ ಕೇಳಿಕೊಂಡಿದ್ದಾರೆ. ಚೀಟಿ ಡಬ್ಬ ವೆಸ್ಟ್ರಿಯ, ಅಂದರೆ ದೇವಾಲಯದ ಪಕ್ಕದ ಕೋಣೆಯ, ಮೇಜಿನ ಮೇಲಿದೆ. ಇನ್ನೂ ಬರೆಯದವರು ಭಾನುವಾರ ಒಂದು ಚೀಟಿ ಎತ್ತಿಕೊಂಡು ನನಗೆ ಹೆಸರು ಹೇಳಿ.