ಪುಂಡಿಪಲ್ಯ ಇಲ್ಲದ ಊರಾಗ

ಮ್ಯೂನಿಕ್, ಮಾರ್ಚ್ ಕಡೀ ವಾರ

ಅವ್ವಾ, ಅಪ್ಪಾ, ಇಬ್ಬರಿಗೂ ಶರಣು.

ತಮ್ಮ ಇನ್ನ ಮೂರು ವಾರಕ್ಕ ಧಾರವಾಡ ಬಿಡಾಂವ. ‘ಅಲ್ಲಿ ಪಲ್ಯಾ ಏನ್ ಸಿಗ್ತದ’ ಅಂತ ಅವ್ವ ಕೇಳಿದ್ದಕ್ಕ ಇದು ಉತ್ತರ. ಪ್ಯಾಟ್ಯಾಗ ಪುಂಡಿಪಲ್ಯ, ಹಕ್ಕರಕಿ ಸಿಗಂಗಿಲ್ಲ. ಆದ್ರ ಹೊಳಿ ದಂಡಿ, ಅಡವಿ ಅಂಚಿನಾಗ ತಾನ ಬೆಳದದ್ದು ಬೇಕಾದಷ್ಟು ಅದ. ಸಂರಕ್ಷಿತ ಅಡವಿ ಬಿಟ್ಟು ಬ್ಯಾರೆ ಕಡೆ ಮನಿ ಪೂರ್ತೆ ಹಿಡಿಯಷ್ಟು ಕಿತ್ಕೊಂಡ್ರ ಕಾಯ್ದೆ ಬ್ಯಾಡ ಅನ್ನಂಗಿಲ್ಲ. ಇದನ್ನ ಅವಗ ಓದಿ ಹೇಳ್ರಿ. ಅಣಬಿ ಮಾತು ಬಂದಲ್ಲಿ ಎರಡು ಸರ್ತಿ ಓದ್ರಿ.

ಪುಂಡಿಪಲ್ಯದ ರುಚಿ ಬೇಕಂದ್ರ ಎರಡು ಸೊಪ್ಪು ಕೂಡಸಬೇಕು. ಒಂದು ಬ್ರೆನ್‌ನೆಸ್ಸೆಲ್, ತುರಚಿಯಂಗ ಮುಟ್ಟಿದ್ರ ಉರೀತದ. ಕೈಗವಸು ಹಾಕ್ಕೊಂಡು ತುದಿಯ ನಾಕಾರು ಎಲಿ ಅಷ್ಟ ಚೂಟಬೇಕು, ಅದೂ ಹೂ ಬಿಡೂಕಿಂತ ಮೊದಲ. ಆಮ್ಯಾಲ ಎಲಿಯೊಳಗ ಸುಣ್ಣದ ಕಣ ಕಟ್ಟತಾವ, ಉಸುಕು ಕಡದಂಗ ಆಗ್ತದ. ಕುದಿಯೋ ನೀರಾಗ ಎರಡು ನಿಮಿಷ ಇಟ್ರ ಉರಿ ಹೋತು. ಕಾಲು ಕಿಲೋ ಸೊಪ್ಪು ಹಿಂಡಿದ್ರ ಒಂದು ಮುಷ್ಟಿ ಉಳೀತದ, ಗಾಬರಿ ಆಗೂದು ಬ್ಯಾಡ. ಇನ್ನೊಂದು ಸವರ್‌ಆಂಪ್ಫರ್ ಅನ್ನೋ ಹುಳಿ ಸೊಪ್ಪು, ಬಯಲು ಹುಲ್ಲಿನಾಗ ಸಿಗ್ತದ, ಒಂದು ಹಿಡಿ ಸಾಕು. ಅದರ ಎಲಿ ಬುಡದಾಗ ಎರಡು ಚೂಪು ಕಿವಿ ದಂಟಿನ ಕಡೆ ಹಿಂದಕ್ಕ ತಿರಗಿರ್ತಾವ. ಅಡವಿ ನೆರಳಾಗ, ಮಿರಿಮಿರಿ ಮಿಂಚೋ ಎಲಿ, ಬಲಿಯಂಗ ನರ ಇದ್ರ ಅದು ಆರೋನ್‌ಸ್ಟಾಬ್. ನಮ್ಮ ಕೆಸುವಿನ ಬಳಗ, ಹಸಿ ಕೆಸುವಿನಂಗ ಗಂಟಲು ಕೊರೀತದ, ಬಿಟ್ಟು ಬರಬೇಕು.

ಅರ್ಧ ವಾಟಿ ತೊಗರಿಬ್ಯಾಳಿ, ಎರಡು ಚಮಚ ಜ್ವಾಳದ ನುಚ್ಚು ಪೂರ್ತಿ ಬೆಂದ ಮ್ಯಾಲ ಹಿಂಡಿದ ಸೊಪ್ಪು ಹಾಕಿ ಮಸೀಬೇಕು. ಹುಳಿ ಸೊಪ್ಪು ಒಲಿ ಆರಸೋ ಮೂರು ನಿಮಿಷ ಮೊದಲ. ಹುಳಿ ಮುಂಚೆ ಬಿತ್ತಂದ್ರ ಎಷ್ಟ ಸೀಟಿ ಹೊಡಸಿದ್ರೂ ಬ್ಯಾಳಿ ಕಾಳುಕಾಳ ಉಳೀತದ. ಹಸರು ಹೋಗಿ ಮಣ್ಣಿನ ಬಣ್ಣ ಬರೂದು ಅದರ ಗುಣ, ಕೆಟ್ಟಿಲ್ಲ. ಅಲ್ಯುಮಿನಿಯಂ ಪಾತ್ರಿ ಬ್ಯಾಡ. ಮ್ಯಾಲ ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಒಗ್ಗರಣಿ ಸುರೀರಿ.

ಹಕ್ಕರಕಿ ಬದಲಿಗೆ ಲ್ಯೋವೆನ್‌ತ್ಸಾನ್, ಇಂಗ್ಲಿಷಿನಾಗ ಡ್ಯಾಂಡೆಲಿಯನ್. ಅದ ಬಳಗ, ಮುರದ್ರ ಹಂಗ ಹಾಲು, ಕಹಿ ಸ್ವಲ್ಪ ಹೆಚ್ಚು. ಎಳಿ ಎಲಿ ಉಪ್ಪುನೀರಾಗ ಇಪ್ಪತ್ತು ನಿಮಿಷ ನೆನಸಿ, ಉಳ್ಳಾಗಡ್ಡಿ, ಶೇಂಗಾ ಪುಡಿ, ಹಸಿ ಎಣ್ಣಿ ಕಲಸಿದ್ರ ರೊಟ್ಟಿಗೆ ಪಚಡಿ ಆತು. ಆದ್ರ ಹಸೀದು ತಿನ್ನೋದಕ್ಕ ಬೇಲಿ ಇದ್ದ ಹಿತ್ತಲದ್ದ ಬೇಕು. ಬಯಲಿನ ಸೊಪ್ಪಿನ ಮ್ಯಾಲ ನರಿಯ ಲಾಡಿಹುಳದ ತತ್ತಿ ಇರಬಹುದು. ಮನಿ ಫ್ರೀಜರಿನಾಗ ಅವು ಸಾಯಂಗಿಲ್ಲ, ಕುದಿಸಿದ್ರ ಸಾಯತಾವ. ಬ್ಯಾಸಗ್ಯಾಗ ಗೋಳಿಪಲ್ಯ ರಸ್ತಾದ ಕಲ್ಲಿನ ಸಂದ್ಯಾಗ ಹಬ್ಬತದ, ನಮ್ಮ ಹೊಲದ್ದ. ದಂಟು ಮುರದಾಗ ಹಾಲು ಬಂದ್ರ ಅದು ಗೋಳಿಪಲ್ಯ ಅಲ್ಲ, ಒಗೀರಿ.

ಈಗಿನ ಹಂಗಾಮಿನ ರಾಜ ಬೇರ್‌ಲೌಖ್, ಬಳ್ಳೊಳ್ಳಿ ವಾಸನಿ ಎಲಿ. ಇಲ್ಲಿ ಮಂದಿ ವಾಸನಿ ನೋಡಿ ಆರಸ್ತಾರ, ಅಲ್ಲೇ ಮೋಸ. ನಾಕು ಎಲಿ ಕಿತ್ತ ಮ್ಯಾಲ ಬೊಟ್ಟಿಗ ಬಳ್ಳೊಳ್ಳಿ ವಾಸನಿ ಹತ್ತಿರ್ತದ, ಯಾವ ಎಲಿ ತಿಕ್ಕಿದ್ರೂ ಅದ ಬರ್ತದ. ಜೊತಿಗೆ ಬೆಳೆಯೋ ಎರಡು ಗಿಡ, ಮಾಯ್‌ಗ್ಲ್ಯೋಕ್‌ಶೆನ್ ಮತ್ತ ಹೆರ್ಬ್ಸ್ಟ್‌ತ್ಸೈಟ್‌ಲೋಸ, ಜೀವಾ ತಗೀತಾವ. ಅದಕ್ಕ ದಂಟು ನೋಡಬೇಕು. ಬೇರ್‌ಲೌಖಿನ ಒಂದೊಂದು ಎಲಿಗೂ ನೆಲದಿಂದ ತನ್ನದ ಒಂದು ದಂಟು. ಮಾಯ್‌ಗ್ಲ್ಯೋಕ್‌ಶೆನ್ ಒಂದ ದಂಟಿಗೆ ಎರಡು ಎಲಿ. ಹೆರ್ಬ್ಸ್ಟ್‌ತ್ಸೈಟ್‌ಲೋಸಕ್ಕ ದಂಟ ಇಲ್ಲ. ಕುಡಗೋಲಿಲೆ ಹಿಡಿಗಟ್ಟಲೆ ಕೊಯ್ಯಬಾರದು, ಒಂದೊಂದ ಕೀಳಬೇಕು. ಕಾಸಿದ್ರ ವಾಸನಿ ಹಾರತದ, ಅದಕ್ಕ ಬೇಲಿ ಇದ್ದ ಹಿತ್ತಲದ್ದು ಸಿಕ್ಕರ ಹಸೀದನ್ನ ತೊಳದು ಮೊಸರಿಗೆ, ಶೇಂಗಾ ಚಟ್ನಿಗೆ ಕುಟ್ಟಿ ಹಾಕ್ರಿ, ಅಡವೀದಾದ್ರ ಕುದಿಸೇ ತಿನ್ರಿ.

ಇನ್ನ ಅಣಬಿ. ಸೊಪ್ಪಿನಾಗ ಊರಿನ ಕಣ್ಣು ಅರ್ಧ ಕೆಲಸಕ್ಕ ಬರ್ತದ, ಅಣಬ್ಯಾಗ ಅದ ಕಣ್ಣು ಕೊಲ್ಲತದ. ಕಲಘಟಗಿ ಕಡೆ ಮೊದಲ ಮಳಿಗೆ ಹುತ್ತದ ಮ್ಯಾಲ ಏಳೋ ಬಿಳಿ ಅಣಬಿ ಇಲ್ಲಿ ಇಲ್ಲ, ಹುತ್ತ ಕಟ್ಟೋ ಗೆದ್ದಲ ಇಲ್ಲ. ಅದರಂಗ ಕಂಡದ್ದು ಅಮನಿಟಾ ಫಲಾಯ್ಡಿಸ್ ಅನ್ನೋ ಜೀವಾ ತಗಿಯೋ ವಿಷದ ಅಣಬಿ ಇರಬಹುದು: ಹಸರು ಛಾಯೆಯ ತೊಪ್ಪಿ, ಕೆಳಗ ಬಿಳಿ ಪದರು, ದಂಟಿಗೆ ಉಂಗುರ, ಬುಡದಾಗ ಹರಿದ ಚೀಲ. ಆ ಚೀಲ ಮಣ್ಣಾಗ ಹುದಗಿರ್ತದ, ಚಾಕುಲೆ ಕೊಯ್ದ್ರ ಗುರುತು ನೆಲದಾಗ ಉಳೀತದ. ಹುಳ ತಿಂದದ್ದು ನಾವೂ ತಿನ್ನಬಹುದು, ವಿಷ ಇದ್ರ ಬೆಳ್ಳಿ ಚಮಚ ಕಪ್ಪಾಗತದ, ಇವೆಲ್ಲ ಸುಳ್ಳು. ಕುದಿಸಿದ್ರೂ ವಿಷ ಹೋಗಂಗಿಲ್ಲ. ವಾಂತಿ-ಭೇದಿ ಆರು ತಾಸಿನಿಂದ ಇಪ್ಪತ್ನಾಕು ತಾಸಿನೊಳಗ ಸುರು, ನಡು ಒಂದಿನ ಆರಾಮ ಅನಸತದ, ಅಷ್ಟರಾಗ ಯಕೃತ್ತು ಹೋಗಿರ್ತದ. 2015ರಾಗ ಇಲ್ಲಿಗೆ ಬಂದ ನಿರಾಶ್ರಿತರಾಗ ಎಷ್ಟೋ ಮಂದಿ ತಮ್ಮೂರಿನ ಅಣಬಿ ಅಂತ ಇದನ್ನ ತಿಂದು ದವಾಖಾನಿ ಸೇರಿದ್ರು.

ಅದಕ್ಕ ತಮ್ಮಗ ಮೊದಲ ವರ್ಷ ಒಂದ ಜಾತಿ ಸಾಕು: ಫಿಫ್ಫರ್‌ಲಿಂಗ್. ತತ್ತಿಯೊಳಗಿನ ಹಳದಿ ಭಾಗದ ಬಣ್ಣ, ಒಳಗ ಬಿಳಿ, ಕೆಳಗ ಪದರಲ್ಲ, ದಂಟಿಗೆ ಇಳಿಯೋ ಮಡಿಕಿ. ಅವನ್ನೂ ಬುಡಸಮೇತ ಒಯ್ದು ಪಿಲ್ಜ್‌ಬೆರಾಟರ್ ಅನ್ನೋ ತಿಳದಾವರಿಗೆ ತೋರಸಬೇಕು. ಒಂದು ಹಸಿ ಅಣಬಿ ಕಾಗದದ ಚೀಲದಾಗ ಫ್ರಿಜ್ಜಿನಾಗ ಇಡಬೇಕು, ಏನರ ಆದ್ರ ಡಾಕ್ಟರಿಗೆ ಅದ ಬೇಕು. ತೊಳದು ನೆನಸಬ್ಯಾಡ್ರಿ, ಬ್ರಶ್ಶಿಲೆ ಮಣ್ಣು ಝಾಡಸ್ರಿ. ಎಣ್ಣಿ ಇಲ್ಲದ ಕಾದ ಬಾಣಲ್ಯಾಗ ಹಾಕಿದ್ರ ನೀರು ಬಿಡತದ, ಅದು ಇಂಗಿದ ಮ್ಯಾಲ ಎಣ್ಣಿ, ಉಳ್ಳಾಗಡ್ಡಿ, ಬ್ಯಾಡಗಿ ಖಾರ, ಕಡೀಕ ಗುರೆಳ್ಳು ಪುಡಿ. ಮೊದಲ ಎಣ್ಣಿ ಸುರದ್ರ ರಬ್ಬರ್ ಆಗ್ತದ. ಒಟ್ಟು ಹದಿನೈದು ನಿಮಿಷಕ್ಕ ಕಮ್ಮಿ ಬೇಯಿಸಬಾರದು, ವಾರಕ್ಕ ಕಾಲು ಕಿಲೋ ಮೀರಬಾರದು. ಯಾಕಂದ್ರ 1986ರ ಚೆರ್ನೋಬಿಲ್ ಅಣುಸ್ಥಾವರ ಅಪಘಾತದಾಗ ಹಾರಿ ಬಂದ ವಿಕಿರಣದ ಸೀಸಿಯಂ ಈ ಕಡೆ ಅಡವಿ ಮಣ್ಣಾಗ ಇನ್ನೂ ಅದ.

ತಮ್ಮನ ಬ್ಯಾಗಿನಾಗ ಎರಡು ಕಿಲೋ ಜ್ವಾಳದ ನುಚ್ಚು, ಅರ್ಧ ಕಿಲೋ ಬ್ಯಾಡಗಿ ಖಾರ, ಗುರೆಳ್ಳು ಪುಡಿ ಇಡ್ರಿ. ನುಚ್ಚು ಹುರದು ಕಟ್ರಿ, ಇಲ್ಲಂದ್ರ ಹುಳ ಬೀಳತಾವ.

ನಿಮ್ಮ ಮಗಳು