ದೊಡ್ಡ ಟೀಚರ್ ಬಿಟ್ಟುಹೋದ ಕಿತ್ತಳೆ ಪೆಟ್ಟಿಗೆ: ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಮಳೆ ರಜೆ ಮುಗಿದು ಮಕ್ಕಳು ಮತ್ತೆ ಶಾಲೆಗೆ ಬರುತ್ತಿದ್ದಾರೆ. ಸಮವಸ್ತ್ರ ಒಣಗದಿದ್ದರೆ ಮನೆ ಬಟ್ಟೆಯಲ್ಲೇ ಕಳಿಸಿ, ಯಾರೂ ಏನೂ ಕೇಳುವುದಿಲ್ಲ. ತಪ್ಪಿಹೋದ ಪಾಠಗಳನ್ನು ಶನಿವಾರಗಳಲ್ಲಿ ಮುಗಿಸುತ್ತೇವೆ.

ಈ ಪತ್ರ ಬೇರೆ ವಿಷಯಕ್ಕೆ.

ನಮ್ಮ ದೊಡ್ಡ ಟೀಚರ್ ಜೂನ್‌ನಲ್ಲಿ ತೀರಿಕೊಂಡರು. ಅವರನ್ನು ಹೆಸರು ಹಿಡಿದು ಕರೆದವರು ಊರಲ್ಲಿ ಯಾರೂ ಇಲ್ಲ, ಹಾಗಾಗಿ ನಾನೂ ದೊಡ್ಡ ಟೀಚರ್ ಅಂತಲೇ ಬರೆಯುತ್ತೇನೆ. ನಿಮ್ಮಲ್ಲಿ ಎಷ್ಟೋ ಜನ ಅವರ ಹತ್ತಿರವೇ ಅ ಆ ಇ ಈ ತಿದ್ದಿದವರು. ಮಣ್ಣಿನ ದಿನ ಅವರ ಮನೆ ಅಂಗಳದಲ್ಲಿ ಒಂದೇ ಟಾರ್ಪಾಲ್ ಕಟ್ಟಿದ್ದರು. ತೋಟದ ಮಾಲೀಕರು, ತೋಟದ ಕೂಲಿಯವರು ಇರುವ ಲೈನ್ ಮನೆಯವರು, ಮಸೀದಿಯ ಉಸ್ತಾದರು, ಚರ್ಚಿನ ಸಿಸ್ಟರ್‌ಗಳು, ಎಲ್ಲರೂ ಅದರಡಿ ನಿಂತಿದ್ದೆವು. ಮಳೆ ಜೋರಾದಷ್ಟೂ ಒಬ್ಬರಿಗೊಬ್ಬರು ಹತ್ತಿರ ಸರಿದು ನಿಂತೆವು.

ಪ್ರತಿ ವರ್ಷ ಜುಲೈ 10ಕ್ಕೆ ಅವರು ಮಕ್ಕಳಿಗೆ ಒಂದು ಕಥೆ ಹೇಳುತ್ತಿದ್ದರು. ಈ ಸಲ ಆ ದಿನ ರಜೆ ಇತ್ತು, ಹೇಳುವವರೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಊಟ ಆದ ಮೇಲೆ ಮಕ್ಕಳಿಗೆ ಓದಿ ಹೇಳಿ.

ಮೊದಲು ಅವರು ಒಂದು ಹಳೇ ಕಿತ್ತಳೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡುತ್ತಿದ್ದರು. ಮರದ ಪೆಟ್ಟಿಗೆ, ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಒಂದು ಮೂಲೆಯಲ್ಲಿ ಮೊಳೆ ಎದ್ದಿತ್ತು, ಮಕ್ಕಳ ಕೈಗೆ ತಾಗದ ಹಾಗೆ ಅದಕ್ಕೆ ಬಟ್ಟೆ ಸುತ್ತಿದ್ದರು. "ಇಂಥ ಪೆಟ್ಟಿಗೆಯನ್ನೇ ಡೆಸ್ಕ್ ಮಾಡಿಕೊಂಡು ಒಬ್ಬಳು ಹೆಣ್ಣುಮಗಳು ಶಾಲೆ ತೆರೆದಳು" ಅಂತ ಕಥೆ ಶುರು ಮಾಡುತ್ತಿದ್ದರು.

ಆಕೆ ಮೇರಿ ಮೆಕ್ಲಿಯೋಡ್ ಬೆಥೂನ್. 1875ರ ಜುಲೈ 10ರಂದು ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದವರು. 17 ಮಕ್ಕಳಲ್ಲಿ 15ನೆಯವರು. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದು ಬಿಡುಗಡೆಯಾದವರು. ಮನೆಮಂದಿಯೆಲ್ಲ ಹತ್ತಿ ಹೊಲದಲ್ಲಿ ದುಡಿಯುತ್ತಿದ್ದರು. ಒಂದು ದಿನ ಪುಟ್ಟ ಮೇರಿ ಅಮ್ಮನ ಜೊತೆ ಬಿಳಿಯರ ಮನೆಗೆ ಹೋದಳು. ಅಲ್ಲಿದ್ದ ಪುಸ್ತಕವನ್ನು ಕೈಗೆತ್ತಿಕೊಂಡಳು. ಆ ಮನೆಯ ಹುಡುಗಿ ನೋಡಿ, ಕೆಳಗಿಡು, ನಿನಗೆ ಓದಲು ಬರುವುದಿಲ್ಲ ಅಂದಳು. ಓದು ಕಲಿಯಲೇಬೇಕು ಅಂತ ಅನ್ನಿಸಿದ್ದು ಅವತ್ತೇ ಅಂತ ಮೇರಿ ಮುಂದೆ ಹೇಳಿಕೊಂಡಿದ್ದಾರೆ. ಕೆಲವು ಮೈಲಿ ನಡೆದು ಮಿಷನ್ ಶಾಲೆಗೆ ಹೋದಳು. ಅಲ್ಲಿ ಕಲಿತಿದ್ದನ್ನು ಮನೆಗೆ ಬಂದು ಉಳಿದವರಿಗೆ ಕಲಿಸಿದಳು.

ಇಲ್ಲಿ ದೊಡ್ಡ ಟೀಚರ್ ಸ್ವಲ್ಪ ನಿಲ್ಲಿಸುತ್ತಿದ್ದರು. ಮನೆಯಲ್ಲಿ ಮೊದಲ ಸಲ ಓದು ಕಲಿಯುತ್ತಿರುವವರು ಯಾರು ಅಂತ ಕೇಳುತ್ತಿದ್ದರು. ಎದ್ದ ಕೈಗಳೆಲ್ಲ ಹೆಚ್ಚಾಗಿ ಲೈನ್ ಮನೆಯ ಮಕ್ಕಳವು. "ನಾಳೆ ಅಮ್ಮನಿಗೆ ಒಂದು ಅಕ್ಷರ ಕಲಿಸಿಕೊಂಡು ಬಾ" ಅನ್ನುತ್ತಿದ್ದರು. ಮರುದಿನ ಮರೆಯದೆ ಕೇಳುತ್ತಿದ್ದರು ಕೂಡ.

ಮೇರಿಗೆ ಆಫ್ರಿಕಾಕ್ಕೆ ಹೋಗಿ ಮಿಷನರಿ ಆಗಬೇಕೆಂಬ ಆಸೆ ಇತ್ತು. ಕರಿಯರಿಗೆ ಅಂಥ ಜಾಗ ಇಲ್ಲ ಅಂತ ವಾಪಸ್ ಕಳಿಸಿದರು. ದೇವರ ಕೆಲಸಕ್ಕೆಂದು ಹೊರಟವಳಿಗೆ ಬಣ್ಣ ನೋಡಿ ಬಾಗಿಲು ಹಾಕಿದರು. ಆದರೆ ಆಕೆ ನಂಬಿಕೆ ಬಿಡಲಿಲ್ಲ, ಟೀಚರ್ ಆದರು. 1904ರ ಅಕ್ಟೋಬರ್ 3ರಂದು ಫ್ಲಾರಿಡಾದ ಡೇಟೋನಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಕೈಯಲ್ಲಿದ್ದದ್ದು ಒಂದೂವರೆ ಡಾಲರ್. ಐದು ಜನ ಹುಡುಗಿಯರು, ಜೊತೆಗೆ ಅವರ ಸ್ವಂತ ಮಗ. ಸುಟ್ಟ ಕಟ್ಟಿಗೆಯ ತುಂಡೇ ಪೆನ್ಸಿಲ್. ಎಲ್ಡರ್‌ಬೆರ್ರಿ ಅನ್ನುವ ಹಣ್ಣಿನ ರಸವೇ ಶಾಯಿ. ಸಿಹಿ ಗೆಣಸಿನ ಪೈ ಮಾಡಿ ಕೂಲಿಯವರಿಗೆ ಮಾರಿ ದುಡ್ಡು ಕೂಡಿಸಿದರು. ಅವರ ಶಾಲೆಯ ಹುಡುಗಿಯೊಬ್ಬಳಿಗೆ ಹೊಟ್ಟೆನೋವು ಬಂದು ಆಪರೇಷನ್ ಆದಾಗ, ಬಿಳಿಯರ ಆಸ್ಪತ್ರೆಯಲ್ಲಿ ಅವಳನ್ನು ಹಿಂದಿನ ಜಗಲಿಯಲ್ಲಿ ಮಲಗಿಸಿದ್ದರು. ಅದನ್ನು ನೋಡಿ 1911ರಲ್ಲಿ ತಾವೇ ಒಂದು ಆಸ್ಪತ್ರೆ ತೆರೆದರು. ಆ ಪುಟ್ಟ ಶಾಲೆ ಇವತ್ತು ಬೆಥೂನ್-ಕುಕ್ಮನ್ ವಿಶ್ವವಿದ್ಯಾಲಯ. 1955ರ ಮೇ 18ರಂದು ತೀರಿಕೊಂಡ ಆಕೆಯ ಸಮಾಧಿಯೂ ಅದೇ ಆವರಣದಲ್ಲಿದೆ.

ದೊಡ್ಡ ಟೀಚರಿಗೆ ತುಂಬಾ ಇಷ್ಟವಾಗಿದ್ದು ಇದ್ಯಾವುದೂ ಅಲ್ಲ. ಆ ಶಾಲೆಯಲ್ಲಿ ಭಾನುವಾರ ಮಧ್ಯಾಹ್ನ ಊರವರ ಸಭೆ ನಡೆಯುತ್ತಿತ್ತು. ಹಾಡು, ಪ್ರಾರ್ಥನೆ. ಬಿಳಿಯರೂ ಬರುತ್ತಿದ್ದರು, ಕರಿಯರೂ ಬರುತ್ತಿದ್ದರು. ಆ ಕಾಲದಲ್ಲಿ ಅಲ್ಲಿ ಬೇರೆ ಬೇರೆ ಕೂರಿಸುವುದೇ ಪದ್ಧತಿ. ಬೆಥೂನ್ ತಮ್ಮ ಸಭೆಯಲ್ಲಿ ಬೇರೆ ಸಾಲು ಇಡಲಿಲ್ಲ. ಎಲ್ಲರೂ ಒಟ್ಟಿಗೇ ಕೂರಬೇಕಿತ್ತು.

ನಮ್ಮ ಶಾಲೆಯಲ್ಲಿ ಸೋಮವಾರದ ಚೀಟಿ ಶುರುವಾಗಿದ್ದು ಹಾಗೆ. ನಿಮಗೆ ನೆನಪಿರಬೇಕು. ವಾರಕ್ಕೊಮ್ಮೆ ಆ ಕಿತ್ತಳೆ ಪೆಟ್ಟಿಗೆಯೊಳಗೆ ಮಕ್ಕಳ ಹೆಸರಿನ ಚೀಟಿ ಹಾಕಿ ಕಲಸುತ್ತಿದ್ದರು. ಜೋಡಿಯಾಗಿ ಬಂದ ಎರಡು ಹೆಸರಿನವರು ಆ ವಾರ ಒಂದೇ ಬೆಂಚು, ಬಿಸಿಯೂಟಕ್ಕೂ ಅಕ್ಕಪಕ್ಕ.

ಹೋದ ವರ್ಷ ಮೂರ್ನಾಲ್ಕು ಪೋಷಕರು ಬಂದು, ನಮ್ಮ ಮಗುವನ್ನು ಲೈನ್ ಮನೆ ಮಕ್ಕಳ ಜೊತೆ ಕೂರಿಸಬೇಡಿ ಮೇಡಂ ಅಂದರು. ಭಾಷೆ ಬರುವುದಿಲ್ಲ, ಹೇನು ಹತ್ತುತ್ತದೆ, ಇವೇ ಕಾರಣಗಳು. ನಾನು ಚೀಟಿ ನಿಲ್ಲಿಸಿಬಿಟ್ಟೆ. ಜಗಳ ಬೇಡ ಅಂದುಕೊಂಡೆ. ಅದು ನನ್ನ ತಪ್ಪು, ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಆಮೇಲೆ ಆಗಿದ್ದೇನು ಗೊತ್ತಾ? ಒಂದೇ ತಿಂಗಳಲ್ಲಿ ತರಗತಿ ತಾನಾಗಿಯೇ ಎರಡು ಭಾಗವಾಯಿತು. ಕಿಟಕಿ ಕಡೆ ಒಂದು ಗುಂಪು, ಗೋಡೆ ಕಡೆ ಒಂದು ಗುಂಪು. ಗೋಡೆ ಕಡೆ ಕೂತ ಮಕ್ಕಳು ಕೈ ಎತ್ತುವುದನ್ನೇ ಬಿಟ್ಟರು.

ನಮ್ಮ ಕೊಡಗು ಜಿಲ್ಲೆಯಲ್ಲಿ ಯರವ ಬುಡಕಟ್ಟಿನವರು ಜೀತಕ್ಕಿದ್ದ ಕಾಲ ತೀರಾ ಹಳೆಯದಲ್ಲ. ಜೀತ ರದ್ದತಿ ಕಾಯ್ದೆ ಬಂದಿದ್ದು 1976ರಲ್ಲಿ. ದೊಡ್ಡ ಟೀಚರ್ ಇದನ್ನು ಮಕ್ಕಳಿಂದ ಮುಚ್ಚಿಡುತ್ತಿರಲಿಲ್ಲ. ಅಮೆರಿಕದ ಕಥೆ ಹೇಳಿ ಅಲ್ಲಿಗೇ ಬಿಟ್ಟರೆ ಅದು ಬರೀ ಬೇರೆಯವರ ತಪ್ಪಿನ ಕಥೆ ಆಗುತ್ತದೆ ಅಲ್ವಾ?

ದೊಡ್ಡ ಟೀಚರಿಗೆ ಇಷ್ಟು ಗಟ್ಟಿತನ ಎಲ್ಲಿಂದ ಬಂತು ಅಂತ ನಾನು ಯೋಚಿಸಿದ್ದೇನೆ. ಭಕ್ತಿಯಿಂದ ಅಂತಲೇ ನನಗನ್ನಿಸುತ್ತದೆ. ಪ್ರತಿ ಭಾನುವಾರ ಎಂಥ ಮಳೆಯಿದ್ದರೂ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಹೋಗುತ್ತಿದ್ದರು. 1792ರಲ್ಲಿ ಆ ಚರ್ಚಿಗೆ ಜಾಗ ಕೊಟ್ಟಿದ್ದು ದೊಡ್ಡವೀರರಾಜೇಂದ್ರ ರಾಜ ಅಂತ ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. ಮಡಿಕೇರಿಗೆ ಪ್ರವಾಸ ಹೋದಾಗ ಓಂಕಾರೇಶ್ವರ ದೇವಸ್ಥಾನದ ಮುಂದೆ ನಿಲ್ಲಿಸಿ, "ಮಸೀದಿಯ ಹಾಗೆ ಗುಮ್ಮಟ ಇದೆ, ನೋಡಿ" ಅಂತ ತೋರಿಸುತ್ತಿದ್ದರು. ಎಮ್ಮೆಮಾಡು ದರ್ಗಾದ ಉರೂಸಿಗೆ ಮಕ್ಕಳ ಮನೆಯವರು ಕರೆದರೆ ತಪ್ಪದೆ ಹೋಗುತ್ತಿದ್ದರು. ತಮ್ಮ ಜಪಮಾಲೆ ಯಾವಾಗಲೂ ಕೈಚೀಲದಲ್ಲೇ ಇರುತ್ತಿತ್ತು. ತಮ್ಮ ದೇವರನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡವರಿಗೆ ಇನ್ನೊಬ್ಬರ ದೇವರನ್ನು ಕಂಡರೆ ಒಂಚೂರೂ ಹೆದರಿಕೆ ಇರಲಿಲ್ಲ.

ಅಸ್ಸಾಮಿನಿಂದ ಬಂದ ಕೂಲಿ ಕುಟುಂಬದ ಹುಡುಗನೊಬ್ಬ ಎರಡು ವಾರ ಬಾಯಿಯೇ ಬಿಟ್ಟಿರಲಿಲ್ಲ. ಒಂದು ದಿನ ದೊಡ್ಡ ಟೀಚರ್ ಲೋಟ ತುಂಬಾ ನೀರು ತಂದು ಮೇಜಿನ ಮೇಲಿಟ್ಟರು. ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ ಅಂತ ಒಬ್ಬೊಬ್ಬರನ್ನೇ ಕೇಳಿದರು. ಕೊಡವರ ಹುಡುಗಿ ನೀರ್ ಅಂದಳು. ಮಲಯಾಳ ಮಾತಾಡುವ ಹುಡುಗ ವೆಳ್ಳಂ ಅಂದ. ಕೊಂಕಣಿಯವಳು ಉದಕ ಅಂದಳು. ಎಲ್ಲವನ್ನೂ ಬೋರ್ಡಿನ ಮೇಲೆ ಒಂದೇ ಗಾತ್ರದ ಅಕ್ಷರದಲ್ಲಿ ಬರೆದರು. ಕೊನೆಗೆ ಆ ಹುಡುಗನ ಸರದಿ. ತುಂಬಾ ಹೊತ್ತು ಸುಮ್ನಿದ್ದ. ಆಮೇಲೆ ಮೆಲ್ಲಗೆ "ಪಾನಿ" ಅಂದ. ಟೀಚರ್ ಆ ಲೋಟವನ್ನು ಅವನ ಕೈಗೇ ಕೊಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಅಷ್ಟನ್ನೂ ಗಟಗಟ ಕುಡಿದ.

ಮುಂದಿನ ಸೋಮವಾರದಿಂದ ಚೀಟಿ ಮತ್ತೆ ಶುರು ಮಾಡುತ್ತೇನೆ. ಎಲ್ಲ ತರಗತಿಗೂ, ಎಲ್ಲ ಮಕ್ಕಳಿಗೂ. ಹೇನಿನ ಚಿಂತೆ ಇರುವವರು ನನ್ನ ಹತ್ತಿರ ಬನ್ನಿ, ಬಾಚಣಿಗೆ, ಔಷಧಿ ಎರಡೂ ತಂದಿಟ್ಟಿದ್ದೇನೆ. ಅದು ಯಾರ ತಲೆಗೆ ಬೇಕಾದರೂ ಹತ್ತುತ್ತದೆ, ಯಾರ ತಲೆಯಿಂದ ಬೇಕಾದರೂ ಹೋಗುತ್ತದೆ. ಇನ್ನೇನಾದರೂ ಬೇಸರ ಇದ್ದರೆ ಅದನ್ನೂ ನನ್ನ ಹತ್ತಿರವೇ ಹೇಳಿ. ಮಕ್ಕಳ ಮುಂದೆ ಮಾತ್ರ ಬೇಡ.

ಇನ್ನೊಂದು ಕೇಳಿಕೆ. ಆಗಸ್ಟ್ 3ಕ್ಕೆ ಕಕ್ಕಡ ಪದಿನೆಟ್ಟ್, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತೀರಲ್ಲ. ಸೊಪ್ಪು ಕುದಿಸಿದ ಆ ನೇರಳೆ ನೀರೇ ದೊಡ್ಡ ಟೀಚರಿಗೆ ಶಾಯಿ. ಬೆಥೂನ್ ಹಣ್ಣಿನ ರಸದಲ್ಲಿ ಬರೆಸಿದರೆ ಇವರು ಸೊಪ್ಪಿನ ರಸದಲ್ಲಿ ಬರೆಸುತ್ತಿದ್ದರು. ತೆಳ್ಳಗಿನ ಕಡ್ಡಿ ಅದ್ದಿ, ಆ ವಾರ ಪಕ್ಕ ಕೂತವರ ಹೆಸರನ್ನು ಬರೆಯಬೇಕಿತ್ತು. ಈ ವರ್ಷವೂ ಬರೆಸೋಣ ಅಂತಿದ್ದೇನೆ.

ಪಾಯಸಕ್ಕೆ ಬಳಸಿ ಉಳಿದ ನೀರನ್ನು ಮುಚ್ಚಳ ಗಟ್ಟಿ ಇರುವ ಸಣ್ಣ ಬಾಟಲಿಯಲ್ಲಿ ಕೊಟ್ಟು ಕಳಿಸಿ. ಸೊಪ್ಪು ಸಿಗದವರಿಗೆ ಚಿಂತೆ ಬೇಡ, ಶಾಲೆಯ ಹಿಂದಿನ ತೋಡಿನ ಅಂಚಿನಲ್ಲಿ ಬೇಕಾದಷ್ಟಿದೆ, ಇಲ್ಲೇ ಕುದಿಸುತ್ತೇವೆ. ಅವತ್ತು ಮಕ್ಕಳಿಗೆ ಹಳೇ ಬಟ್ಟೆ ಹಾಕಿ. ಆ ಬಣ್ಣ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ