ಅಂಗಡಿಯ ಹುಡುಗಿ ಮಂತ್ರಿಯಾದ ಮೇಲೆ

ಪ್ರೀತಿಯ ಪುಟ್ಟಿ,

ಕಚೇರಿಯ ನೌಕರರ ಸಂಘದ ಚುನಾವಣೆಗೆ ನಿಲ್ಲುತ್ತೇನೆಂದು ನೀನು ಬರೆದದ್ದು ಓದಿ ತುಂಬ ಸಂತೋಷವಾಯಿತು. ಮುಂದೆ ರಾಜಕೀಯಕ್ಕೂ ಹೋಗಬಹುದೇ ಎಂದು ಕೇಳಿದ್ದೀಯಲ್ಲ, ಆ ದಾರಿ ಹಿಡಿದ ಮಾರ್ಗರೆಟ್ ಬಾಂಡ್‌ಫೀಲ್ಡ್ ವಿಷಯ ಹೇಳುತ್ತೇನೆ, ಕೇಳು.

1873ರಲ್ಲಿ ಇಂಗ್ಲೆಂಡಿನ ಚಾರ್ಡ್ ಎಂಬ ಊರಿನಲ್ಲಿ, ಮನೆ ತುಂಬ ಮಕ್ಕಳಿದ್ದ ಕುಟುಂಬದಲ್ಲಿ ಹುಟ್ಟಿದವಳು. ಹದಿನಾಲ್ಕನೇ ವಯಸ್ಸಿಗೆ ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದಳು. ಮುಂದೆ ಲಂಡನ್ನಿನಲ್ಲೂ ಅದೇ ದುಡಿಮೆ. ಆ ಕಾಲದ ಅಂಗಡಿ ಹುಡುಗಿಯರು ಮಾಲೀಕನ ವಸತಿಯಲ್ಲೇ ಸಾಲು ಹಾಸಿಗೆಗಳಲ್ಲಿ ಮಲಗಬೇಕು, ಅವನು ಹಾಕಿದ್ದನ್ನೇ ಉಣ್ಣಬೇಕು. ಸಣ್ಣಪುಟ್ಟ ತಪ್ಪಿಗೂ ದಂಡ. ವಾರಕ್ಕೆ ಎಪ್ಪತ್ತು ಗಂಟೆಗೂ ಮೀರಿ ನಿಂತು ದುಡಿದು ಬಂದ ಈ ಹುಡುಗಿ, ಉಳಿದವರು ನಿದ್ದೆಹೋದ ಮೇಲೆ ಅರ್ಧ ಪೆನ್ನಿಯ ಮೇಣದಬತ್ತಿ ಹಚ್ಚುತ್ತಿದ್ದಳು. ಬೆಳಕು ಯಾರಿಗೂ ಬೀಳದಿರಲೆಂದು ಕುರ್ಚಿಯ ಬೆನ್ನಿಗೆ ಟವೆಲ್ ಹೊದಿಸಿ, ಅಂಗಡಿ ನೌಕರರ ಸಂಘದ ಪತ್ರಿಕೆಗೆ ‘ಗ್ರೇಸ್ ಡೇರ್’ ಎಂಬ ಹೆಸರಿನಲ್ಲಿ ಲೇಖನ ಬರೆಯುತ್ತಿದ್ದಳು. ಇದನ್ನು ಓದಿದಾಗಲೆಲ್ಲ ನನಗೆ ಆಕೆಗೆ ಕೈ ಮುಗಿಯಬೇಕೆನಿಸುತ್ತದೆ.

1899ರಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟದ ಮಹಾಸಮ್ಮೇಳನಕ್ಕೆ ಹೋದಾಗ ಅಲ್ಲಿದ್ದ ಏಕೈಕ ಮಹಿಳಾ ಪ್ರತಿನಿಧಿ ಈಕೆ. 1923ರಲ್ಲಿ ಅದೇ ಒಕ್ಕೂಟದ ಮಹಾಮಂಡಳಿಗೆ ಅಧ್ಯಕ್ಷೆಯಾದಳು, ಅದೇ ವರ್ಷ ಲೇಬರ್ ಪಕ್ಷದಿಂದ ಸಂಸತ್ತಿಗೂ ಆರಿಸಿಬಂದಳು. ಇಪ್ಪತ್ತೊಂದು ತುಂಬಿದ ಹೆಂಗಸರೆಲ್ಲರಿಗೂ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಮತ ಸಿಕ್ಕಿದ್ದು 1929ರ ಚುನಾವಣೆಯಲ್ಲಿ. ಆ ಚುನಾವಣೆಯ ನಂತರ ಬಾಂಡ್‌ಫೀಲ್ಡ್ ಕಾರ್ಮಿಕ ಮಂತ್ರಿಯಾದಳು. ಆ ದೇಶದ ಸಂಪುಟದಲ್ಲಿ ಕುಳಿತ ಮೊದಲ ಹೆಣ್ಣು.

ಇಲ್ಲಿಗೇ ನಿಲ್ಲಿಸಿದರೆ ನಿನಗೆ ಅರ್ಧ ಕತೆ ಹೇಳಿದಂತಾಗುತ್ತದೆ. ಆರ್ಥಿಕ ಕುಸಿತದಿಂದ ನಿರುದ್ಯೋಗಿಗಳ ಸಂಖ್ಯೆ ಇಪ್ಪತ್ತೈದು ಲಕ್ಷ ದಾಟಿತು, ನಿರುದ್ಯೋಗ ಭತ್ಯೆ ಕೊಡುತ್ತಿದ್ದ ವಿಮಾ ನಿಧಿ ಸಾಲದಲ್ಲಿ ಮುಳುಗಿತು. 1931ರಲ್ಲಿ ಬಾಂಡ್‌ಫೀಲ್ಡ್ ತಂದ ಕಾನೂನು ಋತುಮಾನದ ಕೆಲಸಗಾರರು, ಅರೆಕಾಲಿಕರು ಮತ್ತು ಮದುವೆಯಾದ ಹೆಂಗಸರ ನಿರುದ್ಯೋಗ ಭತ್ಯೆಗೆ ಕತ್ತರಿ ಹಾಕಲು ದಾರಿ ಮಾಡಿತು. ಮದುವೆಯಾದ ಮೇಲೆ ಆ ನಿಧಿಗೆ ನಿಗದಿತ ಕಂತು ಕಟ್ಟಿರದಿದ್ದರೆ, ಅದಕ್ಕೂ ಮೊದಲು ವರ್ಷಗಟ್ಟಲೆ ಕಟ್ಟಿದ್ದ ಕಂತು ಸಾಮಾನ್ಯವಾಗಿ ಲೆಕ್ಕಕ್ಕೇ ಬರಲಿಲ್ಲ. ಲಕ್ಷಕ್ಕೂ ಹೆಚ್ಚು ಹೆಂಗಸರು ಭತ್ಯೆ ಕಳೆದುಕೊಂಡರು. ಖಜಾನೆಯ ಒತ್ತಡ ನಿಜವೇ. ಆದರೂ ಮೊದಲು ಯಾರ ಪಾಲಿಗೆ ಕೈಹಾಕಬೇಕೆಂಬುದು ಮಂತ್ರಿಯಾದವಳ ಆಯ್ಕೆ, ಆ ಆಯ್ಕೆಯನ್ನು ನಾನು ಒಪ್ಪಲಾರೆ. ಅದೇ ವರ್ಷದ ಚುನಾವಣೆಯಲ್ಲಿ ವಾಲ್ಸೆಂಡ್ ಕ್ಷೇತ್ರದಲ್ಲಿ ಸೋತವಳು ಮತ್ತೆ ಸಂಸತ್ತಿಗೆ ಬರಲಿಲ್ಲ. ಆದರೆ ಕೆಲಸ ಬಿಡಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಡಮನೆಗಳ ಮಹಿಳೆಯರ, ಮಕ್ಕಳ ಸ್ಥಿತಿಗತಿ ಅಧ್ಯಯನ ಮಾಡಿದ ಮಹಿಳಾ ತಂಡಕ್ಕೆ ಆಕೆಯೇ ಅಧ್ಯಕ್ಷೆ.

ನೀನು ಧೈರ್ಯವಾಗಿ ನಿಲ್ಲು, ಚುನಾವಣೆಯ ದಿನ ತಿಳಿಸು. ನಿಮ್ಮ ಕಚೇರಿ ಗುಡಿಸುವ ಗುತ್ತಿಗೆಯ ಹೆಂಗಸರಿಗೆ ಆ ಸಂಘದಲ್ಲಿ ಮತ ಇದೆಯೇ? ವಿಚಾರಿಸಿ ಬರೆ.

ಪ್ರೀತಿಯಿಂದ,
ಅಮ್ಮ